ಹುದ್ದೆ ಬದಲಾದವರ ಕೈ ಬಿಡಬೇಡಿ

ಬ್ರಿಟನ್ನಿನ ಎನ್‌ಎಚ್‌ಎಸ್ ಆಸ್ಪತ್ರೆಗಳಲ್ಲಿ ದುಡಿಯುವ ಕನ್ನಡಿಗ ವೈದ್ಯರಿಗೊಂದು ಕಿವಿಮಾತು. ವೈದ್ಯರಲ್ಲದಿದ್ದರೂ ಅವರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುವ ಫಿಸಿಶಿಯನ್ ಅಸೋಸಿಯೇಟ್‌ಗಳನ್ನು ಇನ್ನು ‘ಫಿಸಿಶಿಯನ್ ಅಸಿಸ್ಟೆಂಟ್’ ಎನ್ನಬೇಕು, ಕಾಯಿಲೆ ಏನೆಂದು ಗೊತ್ತಾಗದ ರೋಗಿಗಳನ್ನು ಅವರು ನಿಗದಿತ ನಿಯಮಾವಳಿಯ ಹೊರತು ನೋಡಬಾರದು ಎಂದು 2025ರ ಜುಲೈನಲ್ಲಿ ಈ ಹುದ್ದೆಯನ್ನು ಪರಿಶೀಲಿಸಿದ ಲೆಂಗ್ ವರದಿ ಶಿಫಾರಸು ಮಾಡಿತು. ರೋಗಿಯ ಸುರಕ್ಷತೆಗೆ ಸ್ಪಷ್ಟ ಗಡಿ ಬೇಕೇ ಬೇಕು. ಆದರೆ ನಿನ್ನೆಯವರೆಗೆ ಮಾಡುತ್ತಿದ್ದ ಕೆಲಸ ಕೈತಪ್ಪಿದರೆ ಯಾರಿಗಾದರೂ ಮನಸ್ಸು ಕುಗ್ಗುತ್ತದೆ.

ನಿಮ್ಮ ವಾರ್ಡಿನಲ್ಲಿ ಅಂಥವರಿದ್ದರೆ ಪಕ್ಕಕ್ಕೆ ಕೂರಿಸಿಕೊಂಡು ಮಾತಾಡಿಸಿ. ಯಾವ ಕೆಲಸ ಮಾಡಬಹುದು, ಯಾವುದು ಕೂಡದು, ಸಂದೇಹ ಬಂದರೆ ಯಾರನ್ನು ಕೇಳಬೇಕು ಎಂಬುದನ್ನು ಬರೆದುಕೊಡಿ. ಹೊಸ ಬ್ಯಾಡ್ಜ್ ಕೈಗಿಡುವ ಮುಂಚೆ ಕಾರಣ ತಿಳಿಸಿ. ರೋಗಿಗಳೆದುರು, ವಾಟ್ಸಾಪ್ ಗುಂಪುಗಳಲ್ಲಿ ಯಾರಾದರೂ ಹೀಯಾಳಿಸಿದರೆ ತಡೆಯಿರಿ. ನಿದ್ದೆಗೆಟ್ಟು ಕೊರಗುವವರಿಗೆ ಆಕ್ಯುಪೇಷನಲ್ ಹೆಲ್ತ್ ವಿಭಾಗದ ದಾರಿ ತೋರಿಸಿ. ಹುದ್ದೆಯ ಬಗ್ಗೆ ಚರ್ಚೆ ಧಾರಾಳವಾಗಿ ನಡೆಯಲಿ, ಆ ಹುದ್ದೆಯಲ್ಲಿರುವವರನ್ನು ಗೌರವದಿಂದಲೇ ಕಾಣಿ.