ತಿರುಗದ ಹಾರ್ಡ್ ಡಿಸ್ಕ್

ಮನೆಯ ಛಾಯಾಚಿತ್ರಗಳೂ ಮಕ್ಕಳ ಬರವಣಿಗೆಯೂ ಇಂದು ಅಂಗೈಯಗಲದ ಹಾರ್ಡ್ ಡಿಸ್ಕಿನೊಳಗೆ ಅಡಗಿರುತ್ತವೆ. ಅದು ತಿರುಗದೆ ಹೋದಾಗ ನಾವು ಮೊದಲು ಶಂಕಿಸತಕ್ಕದ್ದು ಡಿಸ್ಕನ್ನಲ್ಲ, ಅದಕ್ಕೆ ದೊರೆಯುವ ವಿದ್ಯುತ್ತನ್ನು. ನಿಂತ ಬಂಡಿಯನ್ನು ಎಳೆಯಲು ಎತ್ತಿಗೆ ಹೆಚ್ಚು ಬಲ ಬೇಕಾಗುವಂತೆ, ನಿಂತ ತಟ್ಟೆಯನ್ನು ತಿರುಗಿಸಲು ಆರಂಭದಲ್ಲಿ ಹೆಚ್ಚು ಪ್ರವಾಹ ಬೇಕು. ಯುಎಸ್‌ಬಿ 2.0 ಕಿಂಡಿಗೆ ವಿಧಿಸಿರುವ ಮಿತಿ 500 ಮಿಲಿಆಂಪಿಯರ್, 3.0 ಕಿಂಡಿಗೆ 900. ಆದುದರಿಂದ ನಡುವಣ ಹಬ್ಬನ್ನು ತೆಗೆದು, ಗಿಡ್ಡನೆಯ ಬೇರೊಂದು ಕೇಬಲ್ಲಿನಿಂದ ಕಂಪ್ಯೂಟರಿಗೆ ನೇರವಾಗಿ ಜೋಡಿಸಿ ನೋಡಬೇಕು. 3.5 ಅಂಗುಲದ ದೊಡ್ಡ ಡಿಸ್ಕಾದರೆ ಅದರ 12 ವೋಲ್ಟಿನ ಅಡಾಪ್ಟರನ್ನೂ ಪರೀಕ್ಷಿಸಬೇಕು. ಹೆಚ್ಚು ವೋಲ್ಟಿನದನ್ನು ಸಿಕ್ಕಿಸಿದರೆ ಇದ್ದದ್ದೂ ಸುಟ್ಟೀತು.

ಬಳಿಕ ಕಿವಿಗೊಟ್ಟು ಆಲಿಸಬೇಕು. ಸದ್ದೇ ಇಲ್ಲದಿದ್ದರೆ ದೋಷವು ಹೊರಗಿನ ಪೆಟ್ಟಿಗೆಯದೇ ಇರಬಹುದು. ಸಣ್ಣಗೆ ಕುಂಯ್ಗುಟ್ಟಿದರೆ ಓದುವ ಹೆಡ್ ತಟ್ಟೆಗೆ ಅಂಟಿಕೊಂಡಿರುವ ಸಂಭವವುಂಟು. ಆಗ ಮತ್ತೆ ಮತ್ತೆ ಜೋಡಿಸಿದಷ್ಟೂ ತಟ್ಟೆ ಗೀರುವ ಭಯವಿದೆ. ತಟ್ಟುವುದು, ಫ್ರಿಜ್ಜಿನಲ್ಲಿಡುವುದು ಮುಂತಾದ ಉಪಾಯಗಳನ್ನು ನಾವು ಒಪ್ಪಲಾರೆವು. ಮುಚ್ಚಳವನ್ನಂತೂ ಸರ್ವಥಾ ಬಿಚ್ಚಕೂಡದು: ಹೆಡ್ಡು ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ; ಅದರೆದುರು ಧೂಳಿನ ಕಣವೂ ಬೆಟ್ಟವೇ.

ಒಮ್ಮೆ ತಿರುಗಿತೆಂದರೆ, ಬೇರಾವ ಪರೀಕ್ಷೆಗೂ ಮುನ್ನ ಕಡತಗಳನ್ನು ಮತ್ತೊಂದೆಡೆಗೆ ನಕಲು ಮಾಡಿಕೊಳ್ಳತಕ್ಕದ್ದು. ತಿರುಗದಿದ್ದರೆ ನುರಿತವರ ಕೈಗೇ ಒಪ್ಪಿಸಬೇಕು. ಅದರ ವೆಚ್ಚ ಹೊಸ ಡಿಸ್ಕಿನ ಬೆಲೆಯನ್ನು ಮೀರುವುದುಂಟು.