ಲೆಕ್ಕ ಕಲಿತ ದೀಪ



ದಳವಾಯಿ ದೇವರಾಜಯ್ಯನವರು 1735ರಲ್ಲಿ ನಂಜನಗೂಡಿನ ಬಳಿ ಕಪಿಲೆಗೆ ಕಟ್ಟಿಸಿದ ಕಲ್ಲಿನ ಸೇತುವೆಯನ್ನು ನೀವೆಲ್ಲರೂ ಕಂಡಿರುವಿರಿ. ಗಾಡಿಗಳಿಗೆಂದು ಕಟ್ಟಿದ ಆ ಸೇತುವೆಯು ಮುಂದೆ ರೈಲನ್ನೂ ಹೊತ್ತಿತು. ಈಗ ರೈಲಿಗೂ ಹೆದ್ದಾರಿಗೂ ಬೇರೆ ಸೇತುವೆಗಳುಂಟು. ಆದರೂ ದಟ್ಟಣೆಯು ತಗ್ಗಿಲ್ಲ. ನಂಜನಗೂಡು, ಮೈಸೂರು, ತಿರುಮಕೂಡಲು ನರಸೀಪುರ ಇವು ಮೂರೂ 766ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ಇರುವುವು. ಅಲ್ಲಿ ಬಸ್ಸು ನಿಂತರೆ ನಮ್ಮಲ್ಲಿ ಮೊದಲನೆಯ ಪಾಠವು ನಿಲ್ಲುವುದು. ಅದು ಲೆಕ್ಕದ ಪಾಠವಾದರೆ ಕೆಲವರಿಗೆ ದುಃಖವಿಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ಪರೀಕ್ಷೆಯ ದಿನ ಹಾಗಾದರೆ ಒಬ್ಬ ಹುಡುಗಿಯ ಒಂದು ವರುಷವೇ ಹೋದೀತು.

ಲಂಡನ್ನಿನಲ್ಲಿ ಪಾರ್ಲಿಮೆಂಟಿನ ಎದುರು 1868ರಲ್ಲಿ ಗ್ಯಾಸಿನಿಂದ ಉರಿಯುವ ದಾರಿದೀಪವೊಂದನ್ನು ವಾಹನಗಳ ನಿಯಂತ್ರಣಕ್ಕಾಗಿ ನಿಲ್ಲಿಸಿದರು. ಅದು ಕೆಲವೇ ವಾರಗಳಲ್ಲಿ ಸಿಡಿದು ಪೊಲೀಸಿನವನಿಗೆ ಗಾಯವಾಯಿತು. 1963ರಲ್ಲಿ ಟೊರಾಂಟೊ ನಗರವು ದೀಪಗಳನ್ನು ಗಣಕಯಂತ್ರದ ಕೈಗೆ ಕೊಟ್ಟಿತು. ಇದರಿಂದಾದ ಲಾಭವೇನು? ಸ್ಲೇಟಿನ ಮೇಲೆ ಬರೆದು ನೋಡಿರಿ.

ಒಂದು ದಾರಿಯಲ್ಲಿ 30, ಅಡ್ಡದಾರಿಯಲ್ಲಿ 5 ವಾಹನಗಳು ಕಾದಿರುವುವೆಂದು ಭಾವಿಸೋಣ. ಒಂದು ವಾಹನವು ದಾಟಲು 2 ಸೆಕೆಂಡು ಬೇಕು. ಹಳೆಯ ದೀಪವು ಎರಡು ದಾರಿಗಳಿಗೂ 45 ಸೆಕೆಂಡು ಹಸುರನ್ನು ಕೊಡುವುದು. ಮೊದಲನೆಯದರಲ್ಲಿ 22 ದಾಟಿ 8 ಉಳಿಯುವುವು. ಎರಡನೆಯದರಲ್ಲಿ 10 ಸೆಕೆಂಡಿನಲ್ಲಿ ಎಲ್ಲವೂ ದಾಟಿ, ಮಿಕ್ಕ 35 ಸೆಕೆಂಡು ಹಸುರು ದೀಪವು ಬರಿಯ ರಸ್ತೆಗೆ ಉರಿಯುವುದು. ಉಳಿದ ಆ 8 ಮುಂದಿನ ಸುತ್ತಿಗೆ ಸೇರುವುವು. ಸಾಲು ಬೆಳೆಯುವುದು ಹೀಗೆ. ಹೊಸ ದೀಪವಾದರೋ ಕ್ಯಾಮೆರಾದಿಂದ ವಾಹನಗಳನ್ನು ಎಣಿಸಿ, ಒಂದಕ್ಕೆ 60, ಇನ್ನೊಂದಕ್ಕೆ 10 ಸೆಕೆಂಡು ಹಂಚುವುದು. ಮುಂದಿನ ಚೌಕದ ದೀಪಕ್ಕೂ ಸುದ್ದಿ ಕಳುಹಿಸುವುದು. ಬೆಂಗಳೂರಿನಲ್ಲಿ 2024ರಿಂದ ಇಂತಹ ದೀಪಗಳನ್ನು ಅಳವಡಿಸಿರುವರು.

ಮೈಸೂರಿನಲ್ಲಿಯಾದರೋ 2012ರಲ್ಲಿಯೇ ನಗರದ ಬಸ್ಸುಗಳಿಗೆ, ಅವು ಎಲ್ಲಿರುವುವೆಂದು ಉಪಗ್ರಹಗಳ ನೆರವಿನಿಂದ ತಿಳಿಸುವ ಉಪಕರಣಗಳನ್ನು ಕೂಡಿಸಿ, ನಿಲ್ದಾಣಗಳಲ್ಲಿ ಫಲಕಗಳನ್ನು ಇಟ್ಟರು. ನಮ್ಮ ಅಭಿಪ್ರಾಯದಲ್ಲಿ ಇದು ದೀಪಕ್ಕಿಂತ ಹೆಚ್ಚಿನ ಉಪಕಾರ. ಬಸ್ಸು ಬರುವ ಹೊತ್ತು ತಿಳಿದರೆ ತಂದೆಯು ಮಗಳನ್ನು ನಂಬಿಕೆಯಿಂದ ಬಸ್ಸಿಗೆ ಕಳುಹಿಸುವನು. ತಿಳಿಯದಿದ್ದರೆ ಸಾಲಮಾಡಿಯಾದರೂ ಸ್ಕೂಟರನ್ನು ಕೊಳ್ಳುವನು, ರಸ್ತೆಗೆ ಇನ್ನೊಂದು ವಾಹನವು ಬರುವುದು.

ದೀಪದ ಲೆಕ್ಕದಲ್ಲಿ ಒಂದು ಕುಂದುಂಟು. ಅದು ವಾಹನಗಳನ್ನು ಎಣಿಸುವುದೇ ಹೊರತು ಜನರನ್ನಲ್ಲ. ಐವತ್ತು ಹುಡುಗಿಯರ ಬಸ್ಸೂ ಒಬ್ಬ ಮಹನೀಯರ ಕಾರೂ ಅದಕ್ಕೆ ಒಂದೊಂದೇ. ಜೂರಿಚ್ ನಗರದಲ್ಲಿ ಟ್ರಾಮು, ಬಸ್ಸುಗಳು ಸಮೀಪಿಸಿದಾಗ ದೀಪವು ಅವಕ್ಕೆ ಮೊದಲು ದಾರಿಬಿಡುವಂತೆ ಏರ್ಪಡಿಸಿ ಈ ಕುಂದನ್ನು ತಿದ್ದಿರುವರು. ನಂಜನಗೂಡಿನ ದೊಡ್ಡ ಜಾತ್ರೆಗೂ, ನರಸೀಪುರದಲ್ಲಿ 1989ರಿಂದ ನಡೆದುಬಂದಿರುವ ಕುಂಭಮೇಳಕ್ಕೂ ಯಾವ ದೀಪವೂ ಸಾಲದು. ಅಂದು ವಾಹನವನ್ನು ಊರ ಹೊರಗೆ ಬಿಟ್ಟು ನಡೆಯುವುದೇ ಸರಿ.

ಒಂಬತ್ತನೆಯ ತರಗತಿಯವರು ಈ ವಾರ ಬಸ್ ನಿಲ್ದಾಣದ ಎದುರು, ಉಪಾಧ್ಯಾಯಿನಿಯರೊಡನೆ ಕಾಲುದಾರಿಯಲ್ಲಿಯೇ ನಿಂತು, ಕಾಲು ಗಂಟೆ ಹೊತ್ತು ಎರಡು ಸಾಲುಗಳಲ್ಲಿ ಬರೆದುಕೊಳ್ಳಲಿ: ಹೋದ ವಾಹನಗಳೆಷ್ಟು, ಅವುಗಳಲ್ಲಿದ್ದ ಜನರೆಷ್ಟು.