ಕೊಳವೆಬಾವಿಯ ನೀರು ತಿಳಿ, ಆದರೆ ಶುದ್ಧವೇ?

ಯಾದವಗಿರಿಯವರಿಗೆ ವಾಣಿವಿಲಾಸ ನೀರು ಸರಬರಾಜು ಕೇಂದ್ರ ಮಗ್ಗುಲಲ್ಲೇ ಇದೆ. ನಲ್ಲಿಗೆ ಕಾವೇರಿ ನೀರು ಬರುತ್ತದೆ. ಆದರೂ ನಲ್ಲಿ ನಿಂತ ದಿನ ಕೈ ಹೋಗುವುದು ಕೊಳವೆಬಾವಿಯ ಸ್ವಿಚ್ಚಿಗೆ. ನೀರು ತಿಳಿಯಾಗಿದೆ, ಕುದಿಸಿಯೂ ಕುಡಿಯುತ್ತೇವೆ, ಇನ್ನೇನು ಭಯ ಎನ್ನುತ್ತೀರಾ? ರೋಗಾಣುಗಳ ಮಟ್ಟಿಗೆ ನಿಮ್ಮ ಮಾತು ಸರಿ. ಲೋಹಗಳ ಮಟ್ಟಿಗೆ ಸರಿಯಲ್ಲ. ಕುದಿಸಿದರೆ ಆವಿಯಾಗುವುದು ನೀರು. ಲೋಹ ಪಾತ್ರೆಯಲ್ಲೇ ಉಳಿಯುತ್ತದೆ.

ಪೀಣ್ಯದ ಪಾಠ

ಯಾದವಗಿರಿಯ ನೀರು ಕೆಟ್ಟಿದೆ ಎಂದು ಇಲ್ಲಿ ಹೇಳುತ್ತಿಲ್ಲ. ಆದರೆ ಬೆಂಗಳೂರಿನ ಪೀಣ್ಯದಲ್ಲಿ ಆದದ್ದು ಎಲ್ಲರಿಗೂ ಪಾಠ. 1970ರ ದಶಕದಲ್ಲಿ ಬೆಳೆದ ಆ ಕೈಗಾರಿಕಾ ಪ್ರದೇಶದಲ್ಲಿ ಲೋಹಕ್ಕೆ ಕ್ರೋಮಿಯಂ ಲೇಪಿಸುವ ಸಣ್ಣ ಘಟಕಗಳು ಅನೇಕ. ಮುಂದೆ ಅಲ್ಲಿನ ಅಂತರ್ಜಲವನ್ನು ಪರೀಕ್ಷಿಸಿದಾಗ ಹಲವು ಕೊಳವೆಬಾವಿಗಳಲ್ಲಿ ಕ್ರೋಮಿಯಂ ಮಿತಿ ಮೀರಿತ್ತು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವುದು ಲೀಟರಿಗೆ 0.05 ಮಿಲಿಗ್ರಾಂ ಮಾತ್ರ.

ಲೇಪನಕ್ಕೆ ಬಳಸುವ ಹೆಕ್ಸಾವೇಲೆಂಟ್ ಕ್ರೋಮಿಯಂ ನೀರಿನಲ್ಲಿ ಸುಲಭವಾಗಿ ಕರಗಿ ದೂರ ಸಾಗುತ್ತದೆ. ಪ್ರಮಾಣ ಬಹಳ ಹೆಚ್ಚಿದಾಗ ಮಾತ್ರ ನೀರು ಹಳದಿಯಾಗಿ ಕಾಣುತ್ತದೆ. ಇದು ಚರ್ಮದ ಅಲರ್ಜಿ ತರಬಲ್ಲದು. ಅಧಿಕ ಪ್ರಮಾಣದಲ್ಲಿ ಹೊಟ್ಟೆ, ಯಕೃತ್ತು, ಮೂತ್ರಪಿಂಡಗಳಿಗೆ ಹಾನಿ. ಇದರ ಧೂಳು, ಆವಿಯನ್ನು ವರ್ಷಗಟ್ಟಲೆ ಉಸಿರಾಡುವ ಕೆಲಸಗಾರರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವುದುಂಟು.

ಮೂಲ ಪತ್ತೆ ಹೇಗೆ?

ಮೊದಲು ಸುತ್ತಲಿನ ಬಾವಿಗಳಲ್ಲಿ ನೀರಿನ ಮಟ್ಟವನ್ನು ಅಳೆದು, ನೆಲದ ಎತ್ತರದೊಂದಿಗೆ ಲೆಕ್ಕ ಹಾಕುತ್ತಾರೆ. ಅಂತರ್ಜಲ ಯಾವ ಕಡೆಗೆ ಹರಿಯುತ್ತಿದೆ ಎಂಬುದು ಆಗ ತಿಳಿಯುತ್ತದೆ. ಮೇಲಿನ ಬಾವಿ ಶುದ್ಧ, ಕೆಳಗಿನದು ಕೆಟ್ಟಿದೆ ಎಂದರೆ ಮೂಲ ಅವೆರಡರ ನಡುವೆ ಇರುವ ಸಂಭವವೇ ಹೆಚ್ಚು.

ಎರಡನೆಯದು, ಜೊತೆಗಾರ ವಸ್ತುಗಳು. ಕ್ರೋಮಿಯಂ ಜೊತೆಗೆ ಲೋಹದ ಜಿಡ್ಡು ತೆಗೆಯುವ ಟ್ರೈಕ್ಲೋರೋಎಥಿಲೀನ್ ಸಿಕ್ಕರೆ ಲೇಪನ ಘಟಕದ ಮೇಲೆ ಸಂಶಯ. ನೈಟ್ರೇಟ್ ಮತ್ತು ಮಲದ ರೋಗಾಣುಗಳು ಸಿಕ್ಕರೆ ಒಳಚರಂಡಿಯ ಮೇಲೆ. ಕೊನೆಗೆ ಸಂಶಯವಿರುವ ಜಾಗದ ಮಣ್ಣನ್ನೂ ಪರೀಕ್ಷಿಸಬೇಕು. ಘಟಕ ಮುಚ್ಚಿದರೂ ಮಣ್ಣಿಗಿಳಿದ ರಾಸಾಯನಿಕ ವರ್ಷಾನುಗಟ್ಟಲೆ ನೀರಿಗೆ ಸೇರುತ್ತಲೇ ಇರಬಹುದು.

ನಮ್ಮದು ಗಟ್ಟಿ ಕಲ್ಲಿನ ನೆಲ. ನೀರು ಬಂಡೆಯ ಬಿರುಕುಗಳಲ್ಲಿ ಹರಿಯುತ್ತದೆ. ಆದ್ದರಿಂದ ಪಕ್ಕದ ಮನೆಯ ಬಾವಿ ಚೆನ್ನಾಗಿದೆ ಎಂದು ನಿಮ್ಮದೂ ಚೆನ್ನಾಗಿರಬೇಕೆಂದಿಲ್ಲ.

ನೀವು ಮಾಡಬೇಕಾದದ್ದು

* ಸಾಮಾನ್ಯ ನೀರಿನ ಪರೀಕ್ಷೆಯಲ್ಲಿ ಕ್ರೋಮಿಯಂ ಸೇರಿರದೆ ಇರಬಹುದು. ಹೆಸರು ಹೇಳಿ ಕೇಳಿ.
* ಪಂಪನ್ನು ಸ್ವಲ್ಪ ಹೊತ್ತು ಓಡಿಸಿ, ನೀರು ಟ್ಯಾಂಕಿಗೆ ಹೋಗುವ ಮೊದಲೇ ಪ್ರಯೋಗಾಲಯ ಕೊಟ್ಟ ಸೀಸೆಯಲ್ಲಿ ಹಿಡಿಯಿರಿ. ದಿನಾಂಕ, ಬಾವಿಯ ಆಳ ಬರೆದಿಡಿ.
* ಬೀದಿಯ ನಾಲ್ಕೈದು ಮನೆಯವರು ಒಟ್ಟಾಗಿ, ಬೇಸಿಗೆಯಲ್ಲೊಮ್ಮೆ, ಮಳೆಗಾಲದ ನಂತರ ಒಮ್ಮೆ ಪರೀಕ್ಷೆ ಮಾಡಿಸಿ.
* ಮಿತಿ ಮೀರಿದ್ದರೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ವರದಿಯೊಂದಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ.
* ಚರ್ಮದ ಅಥವಾ ಹೊಟ್ಟೆಯ ತೊಂದರೆ ಬಿಡದೆ ಕಾಡುತ್ತಿದ್ದರೆ, ಮನೆಯಲ್ಲಿ ಯಾವ ನೀರು ಬಳಸುತ್ತೀರಿ ಎಂಬುದನ್ನೂ ವೈದ್ಯರಿಗೆ ತಿಳಿಸಿ.

ನೀರನ್ನು ಕಣ್ಣಿನಿಂದ, ನಾಲಿಗೆಯಿಂದ ಅಳೆಯಲಾಗದು. ಬೇಸಿಗೆಗೆ ಮೊದಲೇ ಒಂದು ಸೀಸೆ ನೀರನ್ನು ಪರೀಕ್ಷೆಗೆ ಕಳುಹಿಸಿ.